ಲಾರಿಯವನ ಅಕ್ಕ ಕಿತ್ತ ಹಲ್ಲು

ಖಂಡದ ಈ ತುದಿಯಿಂದ ಆ ತುದಿಗೆ ಸಿಕ್ಕ ಸಿಕ್ಕ ಲಾರಿ ಹತ್ತಿಕೊಂಡು ಹೊರಟವಳಿಗೆ ಮುಕ್ಕಾಲು ದಾರಿ ಸವೆಯುವವರೆಗೂ ಅಂಥ ತೊಂದರೆಯೇನೂ ಆಗಿರಲಿಲ್ಲ. ದಾರಿಯಲ್ಲಿ ಕಳ್ಳಕಾಕರು ಸಿಕ್ಕಾರೆಂದು ಹೆದರಿಕೊಂಡೇ ಮನೆ ಬಿಟ್ಟಿದ್ದಳು; ಕೈಕೊಟ್ಟದ್ದು ಸ್ವಂತ ದವಡೆಹಲ್ಲು. ಬಲಗೆನ್ನೆ ಬನ್ನಿನ ಹಾಗೆ ಊದಿಕೊಂಡಿತ್ತು. ಲಾರಿ ಗುಂಡಿಗಿಳಿದಾಗಲೆಲ್ಲ ಪ್ರಾಣ ಬಾಯಿಗೆ ಬರುತ್ತಿತ್ತು. ಡಾಕ್ಟರಿಗೆ ತೋರಿಸಿದರೆ ಉಳಿದ ಚೂರುಪಾರು ಹಣವೂ ಕರಗಿ, ಆ ತುದಿಯ ಸಮುದ್ರ ಕಾಣುವ ಮೊದಲೇ ವಾಪಸ್ಸು ಹೋಗಬೇಕಾದೀತೆಂಬ ಭಯ. ಹಲ್ಲು ಕಚ್ಚಿ ಸಹಿಸೋಣವೆಂದರೆ, ಕಚ್ಚುವುದಕ್ಕೂ ಆಗದು.

ಇಟ್ಟಿಗೆ ಲಾರಿಯ ಡ್ರೈವರು ಇಬ್ಬರಿಗೂ ಅರೆಬರೆ ಬರುವ ಭಾಷೆಯಲ್ಲಿ ಬೆಳಗಿನಿಂದ ಹರಟುತ್ತಿದ್ದ. ಅವಳ ಹೂಂಗುಟ್ಟುವಿಕೆ ನಿಂತಾಗ ತಿರುಗಿ ನೋಡಿದ.

"ಏನ್ ತಂಗಿ, ಹಲ್ಲಾ?"

"ಸಮುದ್ರದ ಹತ್ರ ಹೋದ್ಮೇಲೆ ತೋರಿಸ್ತೀನಿ ಅಣ್ಣ."

"ಅಷ್ಟೊತ್ತಿಗೆ ನಿನ್ನ ಕೆನ್ನೆ ಕಿಟಕಿಯಿಂದ ಆಚೆ ಬಂದಿರುತ್ತೆ" ಎಂದವನೇ ಪೇಟೆಯೊಳಕ್ಕೆ ಲಾರಿ ತಿರುಗಿಸಿ, ಚಪ್ಪಲಿ ಅಂಗಡಿಯ ಪಕ್ಕದ ಕ್ಲಿನಿಕ್ಕಿನ ಮುಂದೆ ನಿಲ್ಲಿಸಿದ. ಹಲ್ಲಿನ ಡಾಕ್ಟರು ಅವನ ಸ್ವಂತ ಅಕ್ಕ.

ಆಕೆ ಮೊದಲು ತಮ್ಮನಿಗೆ ಬೈದಳು, ಲಾರಿಯನ್ನು ಬಾಗಿಲಿಗೇ ತಂದು ನಿಲ್ಲಿಸಿದ್ದಕ್ಕೆ. ಆಮೇಲೆ ಹುಡುಗಿಯ ಬಾಯೊಳಗೆ ದೀಪ ಹಾಯಿಸಿ, ತಮ್ಮನ ಹಾಗೇ ಅರೆಬರೆ ಭಾಷೆಯಲ್ಲಿ ಅವಳಿಗೂ ಬೈದಳು. "ಇಷ್ಟು ಕೀವು ಇಟ್ಕೊಂಡು ಊರೂರು ತಿರುಗ್ತಿದೀಯಲ್ಲ, ಬುದ್ಧಿ ಇದೆಯಾ?"

"ದುಡ್ಡು ಜಾಸ್ತಿ ಇಲ್ಲ..." ಹುಡುಗಿ ತೊದಲಿದಳು.

"ನಿನ್ನ ಹತ್ರ ತಗೊಂಡ್ರೆ ಇವನು ವರ್ಷವಿಡೀ ನನ್ನ ತಲೆ ತಿಂತಾನೆ. ಬಾಯಿ ದೊಡ್ಡದಾಗಿ ತೆಗಿ."

ಸೂಜಿ ಚುಚ್ಚಿದ್ದಷ್ಟೇ ನೋವು. ಕರಕರ ಸದ್ದು, ಒಂದು ಜಗ್ಗು, ತಟ್ಟೆಯಲ್ಲಿ ಟಣ್ಣೆಂದು ಬಿದ್ದ ಹಲ್ಲು. ಇಷ್ಟು ಸಣ್ಣದ್ದು ಇಷ್ಟೆಲ್ಲ ಆಟ ಆಡಿಸಿತೇ ಎಂದು ಅವಳಿಗೇ ನಾಚಿಕೆಯಾಯಿತು.

ಅಷ್ಟರಲ್ಲಿ ಅಮ್ಮನ ಫೋನು ಬಂತು. ಬಾಯಿತುಂಬ ಹತ್ತಿ; "ಅಂಬಾ" ಎಂದಷ್ಟೇ ಹೊರಟಿತು.

"ಯಾಕೇ ಅಳ್ತಿದೀಯ? ಎಲ್ಲಿದೀಯ? ಯಾರೇನಂದ್ರು?" ಅಮ್ಮ ಕೂಗಿಕೊಂಡಳು.

ಡಾಕ್ಟರು ಫೋನು ಕಿತ್ತುಕೊಂಡು ತನ್ನ ಭಾಷೆಯಲ್ಲೇ ಶುರುಮಾಡಿದಳು. ಅತ್ತ ಅಮ್ಮನೂ ತನ್ನದರಲ್ಲೇ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದಿದ್ದರೂ ಇಬ್ಬರೂ ಬಿಟ್ಟುಕೊಡಲಿಲ್ಲ. ಡ್ರೈವರು ಗೋಡೆಗೊರಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಫೋನು ಮರಳಿ ಕೈಗೆ ಬಂದಾಗ ಅಮ್ಮನ ದನಿ ಇಳಿದಿತ್ತು.

"ಆಯಮ್ಮ ಅಂದಿದ್ದು ಒಂದಕ್ಷರಾನೂ ತಿಳೀಲಿಲ್ಲ ಕಣೇ. ನಿನಗೆ ಬೈತಿದಾರೆ ಅಂತ ಮಾತ್ರ ಗೊತ್ತಾಯ್ತು. ಬೈಯೋರು ಒಬ್ರಿದಾರಲ್ಲ, ಇನ್ನು ನಾನು ನೆಮ್ಮದಿಯಾಗಿ ಮಲಗ್ತೀನಿ."

ಹುಡುಗಿಗೆ ನಗು ಬಂತು, ಅರ್ಧ ಮುಖದಲ್ಲಿ ಮಾತ್ರ. ಇನ್ನರ್ಧ ಜೋಮು ಹಿಡಿದಿತ್ತು. ಡ್ರೈವರು ಇಟ್ಟಿಗೆ ಇಳಿಸಿ ಬರುವವರೆಗೆ ಅವಳು ಕ್ಲಿನಿಕ್ಕಿನ ಬೆಂಚಿನ ಮೇಲೆ, ಎಷ್ಟೋ ದಿನಗಳ ಮೇಲೆ ಬಲಮಗ್ಗುಲಿಗೆ ತಿರುಗಿ, ಗೊರಕೆ ಹೊಡೆದಳು.