ಮಹಾದೇವಿ ಯಾಕೆ ಸಾಯುವುದಿಲ್ಲ

ನಾನು ಅನುಮಾನದ ಮನುಷ್ಯ, ಮೊದಲೇ ಹೇಳಿಬಿಡುತ್ತೇನೆ. ಬೈಟು ಕಾಫಿ ಬಂದರೆ ಎರಡು ಲೋಟವನ್ನೂ ಪಕ್ಕಪಕ್ಕ ಇಟ್ಟು ಮಟ್ಟ ನೋಡುವವನು. ಇದೊಂದು ಒಳ್ಳೆಯ ಗುಣ ಎಂದೇ ಆಗ ನಂಬಿಕೊಂಡಿದ್ದೆ.

೨೦೧೨ರ ಮಾತು. ಕುಂದಲಹಳ್ಳಿಯಲ್ಲಿ ಹನುಮಂತರಾಯಪ್ಪನವರ ಕಟ್ಟಡದ ಮೂರನೇ ಮಹಡಿಯಲ್ಲಿ ನಮ್ಮ ವಿಡಿಯೋ ಗೇಮ್ ಕಂಪನಿ ಇತ್ತು. ಕೆಳಗೆ ಅವರ ಮನೆ ಮತ್ತು ನಾಲ್ಕು ಹಸು, ಮೇಲೆ ನಮ್ಮ ಮೂವತ್ತು ಕಂಪ್ಯೂಟರು. ನಾವು ಮಾಡುತ್ತಿದ್ದದ್ದು ಗುಂಡು ಹಾರಿಸುವ ಆಟ. ಆಡುವವರು ಹಂತಹಂತವಾಗಿ ಬಲ ಗಳಿಸಿ, ಒಳ್ಳೊಳ್ಳೆ ಬಂದೂಕು ಸಂಪಾದಿಸಿ, ಪಾಳುಬಿದ್ದ ಗಣಿಯೊಂದರಲ್ಲಿ ಅಡಗಿರುವ ಕೂಲಿ ಸೈನಿಕರನ್ನು ಎದುರಿಸಬೇಕು. ಆ ಸೈನಿಕರ ಗುರಿ ಎಷ್ಟು ಪಕ್ಕಾ ಇರಬೇಕೆಂದು ತೀರ್ಮಾನಿಸುವವನು ನಾನು, ಲೋಕೇಶ. ನೂರು ಗುಂಡಿನಲ್ಲಿ ನಲವತ್ತು ತಾಗಲಿ ಎಂದು ನಾನು ಬರೆದರೆ ನಲವತ್ತು ತಾಗಬೇಕು.

ಹೊಸಬರು ಆ ಗಣಿ ದಾಟುವಷ್ಟರಲ್ಲಿ ಹತ್ತು ಸಲವಾದರೂ ಸಾಯಬೇಕು ಎಂಬುದು ಗಿರಾಕಿ ಕಂಪನಿಯ ಷರತ್ತು. ಹಾಗಾಗಿ ನಮ್ಮ ಮ್ಯಾನೇಜರ್ ಶ್ಯಾಮಲಾ ಮೇಡಂ ಆಟದ ಗಂಧಗಾಳಿ ಇಲ್ಲದ ನಾಲ್ವರನ್ನು ಹುಡುಕಿ, ಆಡಿ ನೋಡುವ ಕೆಲಸಕ್ಕೆ ಒಂದು ತಿಂಗಳ ಮಟ್ಟಿಗೆ ತೆಗೆದುಕೊಂಡಿದ್ದರು. ಶುಕ್ರವಾರಕ್ಕೆ ಅವಧಿ ಮುಗಿಯುತ್ತಿತ್ತು. ನಾಲ್ವರಲ್ಲಿ ಒಬ್ಬರನ್ನು ಕಾಯಂ ಮಾಡುತ್ತಾರೆಂದು ಎಲ್ಲರಿಗೂ ಗೊತ್ತಿತ್ತು, ಅದು ಮಹಾದೇವಿಯೇ ಎಂದೂ ಗೊತ್ತಿತ್ತು.

ಮಹಾದೇವಿ ಕೊಪ್ಪಳದ ಕಡೆಯ ಹೆಂಗಸು. ಪೀಣ್ಯದ ಯಾವುದೋ ಕಾರ್ಖಾನೆಯಲ್ಲಿ ತಗಡು ಒತ್ತುವ ಪವರ್ ಪ್ರೆಸ್ ಮೇಲೆ ಆರು ವರ್ಷ ಕೆಲಸ ಮಾಡಿ ಬಿಟ್ಟು, ಗಂಡನ ಕಟ್ಟಡದ ಕೆಲಸದ ಹಿಂದೆ ಇತ್ತ ಬಂದು ಒಂದು ಕೋಣೆ ಬಾಡಿಗೆ ಹಿಡಿದಿದ್ದಳು. ಮೌಸ್ ಹಿಡಿದದ್ದೇ ನಮ್ಮಲ್ಲಿ. ಆದರೆ ಉಳಿದ ಮೂವರು ಹನ್ನೆರಡು, ಹದಿನೈದು ಸಲ ಸತ್ತ ಗಣಿಯಲ್ಲಿ ಈಕೆ ಸಾಯಲೇ ಇಲ್ಲ. ನಾನು ಸೈನಿಕರ ಗುರಿಯನ್ನು ಐವತ್ತೈದಕ್ಕೆ ಏರಿಸಿದೆ, ಆಮೇಲೆ ಎಪ್ಪತ್ತಕ್ಕೆ. "ಗುರು, ಇವ್ರು ಮನುಷ್ಯರೇನೋ, ತಲೆ ಎತ್ತಕ್ಕೂ ಬಿಡಲ್ಲ" ಎಂದು ಆ ಮೂವರು ಗೋಳಾಡಿದರು. ಮಹಾದೇವಿ ಮಾತ್ರ ನೆಟ್ಟಗೆ ಕೂತು ಗಣಿ ದಾಟಿದಳು.

ಹಾಗಾದರೆ ಒಂದೋ ನನ್ನ ಅಂಕಿ ಸುಳ್ಳು, ಇಲ್ಲ ಮಹಾದೇವಿ ಸುಳ್ಳು. ನನ್ನ ಅಂಕಿಯ ಮೇಲೆ ನನಗೆ ಅನುಮಾನ ಬರಲಿಲ್ಲ.

ನೀರಿನ ಫಿಲ್ಟರ್ ಆಕೆಯ ಕುರ್ಚಿಯ ಹಿಂದೆ ಇತ್ತು. ನನಗೆ ಇದ್ದಕ್ಕಿದ್ದಂತೆ ವಿಪರೀತ ಬಾಯಾರಿಕೆ ಶುರುವಾಯಿತು. ಲೋಟ ಹಿಡಿದು ಹಿಂದೆ ನಿಂತು ನೋಡಿದೆ. ಆಕೆಯ ತುಟಿ ಅಲುಗಾಡುತ್ತಿತ್ತು. ನನ್ನ ಹೆಜ್ಜೆ ಸಪ್ಪಳ ಕೇಳಿದ್ದೇ ತಡ, ಎಡಗೈ ದುಪಟ್ಟಾದೊಳಗೆ ಹೋಯಿತು. ಏನು ಅಡಗಿಸಿಟ್ಟುಕೊಂಡಿದ್ದಾಳೆ? ಸಾಯದಂತೆ ಆಡುವ ಗುಟ್ಟಿನ ಕೀಲಿಗಳನ್ನು ಯಾರೋ ಪ್ರೋಗ್ರಾಮರ್ ಬರೆದುಕೊಟ್ಟ ಚೀಟಿಯೇ? ನಾನು ಕದಲಲಿಲ್ಲ. ಅರೆ ನಿಮಿಷದಲ್ಲಿ ಆಕೆ ಆಟದಲ್ಲಿ ಸತ್ತಳು. ಆಮೇಲೆ ಇನ್ನೂ ಎರಡು ಸಲ ನನಗೆ ಅದೇ ಬಾಯಾರಿಕೆಯಾಯಿತು.

ದಾಖಲೆ ತೆಗೆದು ನೋಡಿದೆ. ಕಳೆದ ಎರಡು ವಾರದಲ್ಲಿ ಮಹಾದೇವಿ ಸತ್ತದ್ದು ಮೂರೇ ಸಲ. ಮಂಗಳವಾರ ಬೆಳಗ್ಗೆ, ಮಂಗಳವಾರ ಸಂಜೆ, ಬುಧವಾರ ಮಧ್ಯಾಹ್ನ. ಮೂರೂ ಸಲ ನಾನು ಲೋಟ ಹಿಡಿದು ಹಿಂದೆ ನಿಂತಿದ್ದ ಹೊತ್ತು. ನೋಡುವವರಿದ್ದರೆ ಸಾಯುತ್ತಾಳೆ, ಇಲ್ಲದಿದ್ದರೆ ಸಾಯುವುದಿಲ್ಲ. ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು? ನನಗಾದ ಖುಷಿಯನ್ನು ಈಗ ನೆನೆದರೆ ಹೇಸಿಗೆಯಾಗುತ್ತದೆ. ಶ್ಯಾಮಲಾ ಮೇಡಂಗೆ ಅರ್ಧ ಪುಟದ ಮೇಲ್ ಬರೆದೆ. ಮಹಾದೇವಿಯನ್ನು ಒಂದು ಮಾತು ಕೇಳಬೇಕೆಂದು ಹೊಳೆಯಲೂ ಇಲ್ಲ.

ಗುರುವಾರ ಬೆಳಗ್ಗೆ ಆಕೆಯ ಗುರುತಿನ ಕಾರ್ಡಿಗೆ ಆಫೀಸಿನ ಬಾಗಿಲು ತೆರೆಯಲಿಲ್ಲ, ನನ್ನ ಮೇಲ್ ನೋಡಿ ಮೇಡಂ ಅದನ್ನು ನಿಲ್ಲಿಸಿದ್ದರು. ಎಲ್ಲರ ಎದುರು ಒಂದು ಗಂಟೆ ಮೆಟ್ಟಿಲ ಮೇಲೆ ಕೂತಿದ್ದಳು. ಆಮೇಲೆ ಮೇಡಂ ಆಕೆಯನ್ನೂ ನನ್ನನ್ನೂ ಮೀಟಿಂಗ್ ಕೋಣೆಗೆ ಕರೆದು, ತಮ್ಮದೇ ಲ್ಯಾಪ್‌ಟಾಪಿನಲ್ಲಿ ಆಟ ಹಾಕಿ, ಪರದೆ ಗೋಡೆಯ ಮೇಲೆ ಕಾಣುವಂತೆ ಮಾಡಿದರು. "ಮಹಾದೇವಿ, ಇಲ್ಲಿ ಯಾರಿಗೂ ಏನೂ ಬದಲಾಯಿಸೋಕೆ ಆಗಲ್ಲ. ಒಂದ್ಸಲ ಆಡಿ" ಎಂದರು.

"ಕುರ್ಚಿ ಗ್ವಾಡಿಗೆ ಹಚ್ಚಿ ಹಾಕ್ಕೊಳ್ಲೇನ್ರಿ?" ಎಂದಳು ಮಹಾದೇವಿ. ಬೆನ್ನನ್ನು ಗೋಡೆಗೆ ಕೊಟ್ಟು ಕೂತು, ದುಪಟ್ಟಾದಿಂದ ಎಡಗೈ ತೆಗೆದು ಕೀಲಿಗಳ ಮೇಲಿಟ್ಟಳು. ಆ ಕೈಯಲ್ಲಿ ತೋರುಬೆರಳು, ನಡುಬೆರಳು ಅರ್ಧಕ್ಕೇ ನಿಂತಿದ್ದವು. ಉಳಿದ ಬೆರಳುಗಳಲ್ಲೇ ಆಡತೊಡಗಿದಳು. ಎಪ್ಪತ್ತರ ಗುರಿಯಲ್ಲಿ, ನಮ್ಮಿಬ್ಬರ ಕಣ್ಣೆದುರು, ಒಂದು ಸಲವೂ ಸಾಯದೆ ಗಣಿ ದಾಟಿದಳು.

"ಬಾಯಲ್ಲಿ ಏನೋ ಹೇಳ್ಕೋತಿದ್ರಲ್ಲ?" ಮೇಡಂ ಕೇಳಿದರು.

"ಎಣಸಾಕತ್ತಿದ್ನಿರಿ. ಮೂರು ಎಣಸೂತನಕ ಕಲ್ಲಿನ ಹಿಂದ ಕುಂತು ಎದ್ರ, ಅವರ ಮೊದಲ್ನೇ ಗುಂಡು ತಾಗಂಗಿಲ್ರಿ. ಅದು ಹೋದಕೂಡ್ಲೆ ನಾ ಹೊಡೀತೀನಿ, ಮತ್ತ ಕುಂದರ್ತೀನಿ. ಪ್ರೆಸ್ ಮ್ಯಾಲೂ ಹಂಗರೀ, ಮಷಿನಿನ ಏಟು ಎಣಿಸಿ ಕೈ ಹಾಕೂದು."

ನನ್ನ ಕಿವಿ ಬಿಸಿಯಾಯಿತು. ಅದು ನಾನೇ ಬರೆದ ನಿಯಮ. ಗುಂಡು ಯಾವ ದಿಕ್ಕಿನಿಂದ ಬಂತೆಂದು ಹೊಸಬರಿಗೆ ತಿಳಿಯಲಿ, ಪಾಪ, ಎಂದು ಎರಡು ವರ್ಷದ ಹಿಂದೆ ಸೇರಿಸಿದ್ದೆ. ಮೂರು ಸೆಕೆಂಡು ಮರೆಯಲ್ಲಿದ್ದು ಎದ್ದವರಿಗೆ ಮೊದಲ ಗುಂಡು ತಪ್ಪಲೇಬೇಕು, ಗುರಿ ಎಪ್ಪತ್ತಿರಲಿ ನೂರಿರಲಿ. ಬರೆದವನು ಮರೆತಿದ್ದೆ, ಆಕೆ ಆಡಿ ಕಂಡುಹಿಡಿದಿದ್ದಳು. ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಒಂದಿಷ್ಟು ಮಾನವಾದರೂ ಉಳಿಯುತ್ತಿತ್ತು.

"ಮತ್ತೆ ನಾನು ಬಂದಾಗ ಮಾತ್ರ ಯಾಕೆ ಸತ್ತೋಗ್ತಿದ್ರಿ?" ಎಂದೆ.

ಆಕೆ ಮೊದಲ ಸಲ ನನ್ನನ್ನು ನೇರ ನೋಡಿದಳು. "ಪ್ರೆಸ್ ಹೊಡಿಯೋರ ಹಿಂದ ಯಾರೂ ನಿಂದ್ರಬಾರದ್ರಿ ಸಾರ್, ಎಣಿಕಿ ತಪ್ಪತೈತಿ. ಅಲ್ಲೂ ಒಬ್ಬ ಸೂಪರ್‌ವೈಸರ್ ದಿನಾ ಬಂದು ನಿಂದರ್ತಿದ್ದ, ನಾ ಏನರ ಕದೀತೀನೇನೋ ಅಂತ. ಒಂದಿನ ತಿರುಗಿ ನೋಡಿದ್ನಿ." ಅಷ್ಟು ಹೇಳಿ ಎಡಗೈಯನ್ನು ಮೇಜಿನ ಮೇಲೆ ಹಾಗೇ ಇಟ್ಟಳು. "ಕೈ ಕಂಡ್ರ ಕೆಲಸ ಕೊಡಂಗಿಲ್ಲ ಅಂತ ಮುಚ್ಚಿದ್ನಿರಿ. ಬ್ಯಾರೆ ಏನೂ ಮುಚ್ಚಿಲ್ಲ."

ಮೇಡಂ ಎದ್ದು ಹೋಗಿ, ಕಾರ್ಡು ಸರಿಮಾಡಿಸಿ ತಂದು ಆಕೆಯ ಮುಂದಿಟ್ಟರು. "ನಾಳೆಯಿಂದ ಕಾಯಂ" ಎಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ತಪ್ಪಾಯ್ತು ಎಂದೆ, ನನಗೇ ಸರಿಯಾಗಿ ಕೇಳಿಸದಷ್ಟು ಮೆಲ್ಲಗೆ.

"ಆತು ಬಿಡ್ರಿ" ಎಂದಳು ಮಹಾದೇವಿ, ಕಾರ್ಡನ್ನು ಕೊರಳಿಗೆ ಹಾಕಿಕೊಳ್ಳುತ್ತ. "ಆಟದಾಗಿನ ಸೈನಿಕರು ಮೊದಲ್ನೇ ಗುಂಡರ ತಪ್ಪಸತಾರ."

ಶುಕ್ರವಾರ ಆಕೆ ಬಂದು ತನ್ನ ಹಳೆಯ ಜಾಗದಲ್ಲೇ ಕೂತಳು, ಎರಡೂ ಕೈ ಕಾಣುವಂತೆ. ಹನ್ನೊಂದರ ಹೊತ್ತಿಗೆ ನನಗೆ ನಿಜಕ್ಕೂ ಬಾಯಾರಿತು. ಲೋಟ ಹಿಡಿದು ಎದ್ದವನು ಫಿಲ್ಟರಿನ ಕಡೆ ನೋಡಿದೆ, ಅದರ ಮುಂದೆ ಆಕೆಯ ಬೆನ್ನು ಕಂಡಿತು. ಮೂರು ಮಹಡಿ ಇಳಿದು, ಹನುಮಂತರಾಯಪ್ಪನವರ ಮನೆಯಲ್ಲಿ ಕೇಳಿ ನೀರು ಕುಡಿದು ಬಂದೆ.