ಕೆಳಗಿನ ಎಲೆಗಳು

ಹಸಿರು ಬಣ್ಣದ ವಾಸನೆ, ಪೇಂಟರ್ ಮುಸವೀರ್ ಡಬ್ಬಿಯ ಮುಚ್ಚಳ ತೆಗೆದರು ಅನ್ನಿಸುತ್ತೆ, ಪಾಪ, ಹುಣಸೂರಿನಿಂದ ಬಸ್ಸು ಹತ್ತಿ ಬಂದಿದ್ದಾರೆ, ನಾನೇ ಕರೆಸಿದ್ದು, ನಾಳೆ ಸೂಪರ್‌ವೈಸರ್ ಮೇಡಂ ಬರುತ್ತಾರಲ್ಲ, ಹೋದ ತಿಂಗಳಷ್ಟೇ ಇವರು ನಮ್ಮ ಅಂಗನವಾಡಿ ಗೋಡೆಗೆ ಬರೆದ ಮಾವಿನ ಮರ, ಅದರ ಕೆಳಗಿನ ಎಲೆಗಳಿಗೆಲ್ಲ ಅನುಶ್ರೀ ಅಡುಗೆಮನೆಯ ಅರಿಶಿನ ಕಲಸಿ ಬಳಿದಿದ್ದಾಳೆ — ಮರಕ್ಕೆ ಕಾಮಾಲೆ ಬಂದದೆ ಮಿಸ್, ಒಂದು ಕೋಟ್ ಹೊಡುದ್ರೆ ವಾಸಿ ಆಯ್ತದೆ ಅಂತ ನಗುತ್ತಾರೆ, ನಾನೂ ನಕ್ಕೆ, ನಗಬಾರದಿತ್ತೇನೋ, ಅವಳು ಬಾಗಿಲಲ್ಲೇ ನಿಂತಿದ್ದಾಳೆ, ನಾಲ್ಕು ವರ್ಷದ ಕೂಸು, ಅಂಗೈ ಇನ್ನೂ ಹಳದಿ, ಅದನ್ನು ನೋಡಿದರೆ ಯಾಕೋ ನನ್ನ ಚಿಕ್ಕಂದಿನ ಕ್ಯಾಲೆಂಡರಿನಲ್ಲಿ ರಾಗಿ ಮೆತ್ತಿದ ಆ ತುಟಿ ನೆನಪಾಗುತ್ತದೆ. ಬೆಳಿಗ್ಗೆ ಗದರಿದೆನಲ್ಲ, ಎಲೆ ಯಾವ ಬಣ್ಣ ಹೇಳು ಅಂತ, ಕೆಳಗಿಂದು ಅಣ್ಣಾಗವೆ ಮಿಸ್, ಮ್ಯಾಲಿಂದು ಇನ್ನೂ ಆಗಿಲ್ಲ ಅಂದಳು, ಕೈಗೆ ಎಟುಕಿದಷ್ಟು ಬಳಿದು ನೆಪ ಹೇಳುತ್ತಾಳೆ ಅಂದುಕೊಂಡೆ, ಹಾರನಹಳ್ಳಿಯಲ್ಲೇ ಹುಟ್ಟಿದವಳು ನಾನು, ಹೊಗೆಸೊಪ್ಪು ಬುಡದಿಂದ ಹಳದಿಯಾಗಿ ಹಣ್ಣಾಗುತ್ತದೆಂದು ಆಗ ಹೊಳೆಯಲೇ ಇಲ್ಲ, ಅವಳಮ್ಮ ಸೊಪ್ಪನ್ನು ಒಣಗಿಸಲು ಕಡ್ಡಿಗೆ ಕಟ್ಟುವಾಗ ಪಕ್ಕದಲ್ಲೇ ಆಡುವ ಮಗು, ಅದಕ್ಕೆ ಎಲೆಯೆಂದರೆ ಅದೇ. ಮಗು ಚಿತ್ರವನ್ನು ನೋಡುವುದಿಲ್ಲ, ಅದರೊಳಗೆ ಹೋಗುತ್ತದೆ ಅಂತ ಸಂಜೆ ಕಾಲೇಜಿನ ಪರೀಕ್ಷೆಯಲ್ಲಿ ಬರೆದಿದ್ದೆ, ಪಾಸೂ ಆದೆ, ಅರ್ಥವಾಗಿತ್ತೇ — ಚಿಕ್ಕವಳಿದ್ದಾಗ ನಾನೂ ಹೋಗಿದ್ದೆನಲ್ಲ, ಅಪ್ಪ ಪಿರಿಯಾಪಟ್ಟಣದ ಅಂಗಡಿಯಿಂದ ತಂದ ಕ್ಯಾಲೆಂಡರ್, ಅದರಲ್ಲೊಂದು ಗುಂಡು ಮಗು, ಬಾಯಿ ತೆರೆದು ನಗುತ್ತಿತ್ತು, ಹಸಿದಿದೆ ಅಂತಲೇ ನಾನು ಅಂದುಕೊಂಡದ್ದು, ಬಟ್ಟಲಿನ ರಾಗಿ ಅಂಬಲಿಯನ್ನು ಬೆರಳಲ್ಲಿ ತೆಗೆದು ಅದರ ತುಟಿಗೆ ಹಚ್ಚಿದೆ, ಅಪ್ಪ ಒದ್ದೆ ಬಟ್ಟೆ ತಂದ, ಅಜ್ಜಿ ಪುಟ್ಟಮಲ್ಲಮ್ಮ ಒಲೆಯ ಮುಂದಿಂದ ಏಳದೆಯೇ, ಬುಡ್ಲಾ, ಉಣ್ಣೋ ಕೂಸಿನ ಬಾಯಿ ಒರೆಸ್ತಾರೇನ್ಲಾ ಅಂದಳು, ಅಪ್ಪ ಬಟ್ಟೆ ಹಿಡಿದುಕೊಂಡೇ ನಿಂತುಬಿಟ್ಟ, ತಿಂಗಳ ಹಾಳೆಗಳೆಲ್ಲ ಹರಿದುಹೋದವು, ತುಟಿಯ ಮೇಲಿನ ರಾಗಿ ಹೋಗಲಿಲ್ಲ, ಬೆಳಿಗ್ಗೆ ಎದ್ದು ಮೊದಲು ಅದನ್ನೇ ನೋಡುತ್ತಿದ್ದೆ, ಹೊಟ್ಟೆ ತುಂಬಿದೆ ಅದಕ್ಕೆ, ನಾನೇ ತುಂಬಿಸಿದ್ದು. ನಾಳೆ ಮೇಡಂ ಕೇಳಿದರೆ ಏನೆನ್ನಲಿ, ಗೋಡೆ ಕೆಡಿಸಿದ್ದೀರಿ ಅಂತ ಬರೆದುಕೊಂಡು ಹೋದರೆ, ನೋಟಿಸು ಬಂದರೆ, ಹಣ್ಣಾಗಿದೆ ಮೇಡಂ ಅನ್ನಲೇ, ನಕ್ಕಾರು, ಬ್ರಶ್ಶು ಅದ್ದಿ ಎತ್ತಿದ್ದಾರೆ, ಹಸಿರು ತೊಟ್ಟಿಕ್ಕುತ್ತಿದೆ, ಹೊಡೀಲಾ ಮಿಸ್, ಬ್ಯಾಡ್ವಾ, ಬೇಗ ಹೇಳಿ ಬಸ್ಸದೆ ನಂಗೆ, ಅನುಶ್ರೀ ಅಳುತ್ತಿಲ್ಲ, ನನ್ನ ಬಾಯನ್ನೇ ನೋಡುತ್ತಿದ್ದಾಳೆ, ತಡೀರಿ ಮುಸವೀರ್ ಭಾಯ್, ಮುಚ್ಚಳ ಹಾಕ್ಬುಡಿ, ಮ್ಯಾಲಿಂದು ಇನ್ನೂ ಆಗಿಲ್ಲ — ನಾನೇ ಅಂದೆನೇ, ಅಂದೆ, ನಾಳೆ, ನಾಳೆ ಮೇಡಂ, ಅಪ್ಪನ ಕೈಯ ಒದ್ದೆ ಬಟ್ಟೆ, ತೆರೆದ ಬಾಯಿ, ತುಟಿಯ ಮೇಲೆ ರಾಗಿ, ಒಣಗಿದ ರಾಗಿ —