ಪರದೆ ಎಂಜಿನಿಯರು ಕಾರು ಎತ್ತರಿಸಿದ್ದು

ಗೇಟಿನ ಎದುರಿನ ಆ ಉಬ್ಬನ್ನು ಕಟ್ಟಿದವನು ಅವಳ ಗಂಡನೇ. ಬೀದಿಯಲ್ಲಿ ಬೈಕುಗಳು ರೊಯ್ಯನೆ ಹೋಗುತ್ತವೆಂದು ಕಂಡಕಂಡವರಿಗೆಲ್ಲ ಹೇಳಿ ಸಾಕಾಗಿ, ಸ್ನಾನದ ಮನೆ ರಿಪೇರಿಯಲ್ಲಿ ಉಳಿದಿದ್ದ ಸಿಮೆಂಟನ್ನು ಒಂದು ಭಾನುವಾರ ತಾನೇ ಕಲಸಿ ರಸ್ತೆಗೆ ಅಡ್ಡಲಾಗಿ ಸುರಿದಿದ್ದ. ಅಳತೆ ಇರಲಿಲ್ಲವೇ ಎಂದರೆ, ಇತ್ತು. ಪರದೆ ಅಂಗಡಿಯಲ್ಲಿ ಕೆಲಸ ಮಾಡುವವನು, ಜೇಬಿನಲ್ಲಿ ಟೇಪಿಲ್ಲದೆ ಊಟಕ್ಕೂ ಕೂರದವನು. ಆದರೆ ಕಲಸಿದ್ದು ಇನ್ನೂ ಮಿಕ್ಕಿತ್ತು, ಬಿಸಾಡಲು ಮನಸ್ಸು ಬರಲಿಲ್ಲ, ಉಬ್ಬಿನ ಮೇಲೆ ಇನ್ನೊಂದು ಉಬ್ಬು ಎದ್ದಿತು. ಬೈಕುಗಳು ಅಂಚಿನ ಸಂದಿಯಲ್ಲಿ ನುಸುಳಿ ಮೊದಲಿನಂತೆಯೇ ರೊಯ್ಯನೆ ಹೋದವು. ಹೊಟ್ಟೆ ಉಜ್ಜಿಸಿಕೊಂಡದ್ದು ಅವರದೇ ಕಾರು.

ಆ ಕಾರು ಹೊರಗೆ ಹೊರಟಿತೆಂದರೆ ಅಡಿಯಿಂದ ಗರ್ರೆಂದು ಸದ್ದು ಬರುತ್ತಿತ್ತು, ಅವಳ ಹಲ್ಲು ಜುಂ ಎನ್ನುತ್ತಿತ್ತು. ಹಿಂದೆ ಡಬ್ಬದಲ್ಲಿದ್ದ ಕೇಕಿನ ಅಂಚಿನ ಕೆನೆ ಒಂದು ಕಡೆ ಜಾರುತ್ತಿತ್ತು. ಬೀದಿಯವರಿಗೆಲ್ಲ ಅವಳು ಕೇಕಕ್ಕ. ಬೆಳಗಿನ ಹೊತ್ತು ಒಂದು ಬೇಕರಿಯ ಹಿಂಬಾಗಿಲಿನಿಂದ ಒಳಗೆ ಹೋಗಿ, ಅಲ್ಲಿನ ಯಜಮಾನ ತನ್ನ ಕೈಚಳಕವೆಂದು ಹೇಳಿಕೊಳ್ಳುವ ಕೇಕುಗಳನ್ನು ಮಾಡಿಟ್ಟು ಬರುತ್ತಿದ್ದಳು. ಮಧ್ಯಾಹ್ನದ ಮೇಲೆ ಮನೆಯಲ್ಲಿ ತನ್ನದೇ ಹೆಸರಿನ ನಾಲ್ಕಾರು ಕೇಕು. ಈಗ ಹೊಸದಾಗಿ ತೆರೆಯಲಿದ್ದ ಸಭಾಂಗಣದ ಮ್ಯಾನೇಜರು, ಉದ್ಘಾಟನೆಗೆ ಮೂರು ಅಂತಸ್ತಿನ ಕೇಕು ಮಾಡಿಕೊಡಿ, ಚೆನ್ನಾಗಿ ಬಂದರೆ ಇನ್ನು ಇಲ್ಲಿಗೆ ಬರುವ ಕೇಕೆಲ್ಲ ನಿಮ್ಮದೇ ಎಂದಿದ್ದ. ಹಾಗಾದರೆ ಆ ಹಿಂಬಾಗಿಲಿಗೆ ಇನ್ನೆಂದೂ ತಲೆ ಹಾಕಬೇಕಿಲ್ಲ ಎಂದು ಅವಳು ಒಳಗೊಳಗೇ ಕುಣಿದಾಡಿದ್ದಳು.

"ರೀ, ಆ ಹಂಪು ಒಡೆದುಹಾಕಿ," ಎಂದಳು ಅಂದೇ ಸಂಜೆ.

ಅವನು ತಟ್ಟೆಯಿಂದ ತಲೆ ಎತ್ತಿದ. ಹೆತ್ತ ಮಗುವನ್ನು ಯಾರಿಗಾದರೂ ಕೊಟ್ಟುಬಿಡಿ ಎಂದಿದ್ದರೂ ಮುಖ ಅಷ್ಟು ಸಣ್ಣದಾಗುತ್ತಿರಲಿಲ್ಲ.

"ಒಡೆಯೋದಾ? ಅದೇನು ಅಂಥ ಇಂಥ ಕೆಲಸ ಅಂದ್ಕೊಂಡ್ಯಾ? ಡ್ರಿಲ್ಲಿಂಗ್ ಮಿಷನ್ ತರಿಸ್ಬೇಕು. ಇನ್ನು ಐವತ್ತು ವರ್ಷ ಅಲ್ಲಾಡಲ್ಲ ಅದು. ತಪ್ಪು ಹಂಪಿಂದಲ್ಲ ಕಣೆ, ಕಾರಿಂದು. ಗ್ರೌಂಡ್ ಕ್ಲಿಯರೆನ್ಸ್ ಸಾಲದು. ಕಾರನ್ನೇ ಎತ್ತರಿಸಿಬಿಡ್ತೀನಿ."

ಎಂಜಿನಿಯರು ಎಂದು ಅವನಿಗೆ ಹೆಸರಿಟ್ಟವನು ಅವಳ ತಮ್ಮ. ಮದುವೆಯಾದ ಹೊಸತರಲ್ಲಿ ಭಾವ ಫ್ಯಾನಿನ ರೆಕ್ಕೆ ತಿರುಗುಮುರುಗಾಗಿ ಹಾಕಿದ್ದನ್ನು ನೋಡಿ ಕುಚೋದ್ಯಕ್ಕೆ ಅಂದದ್ದು. ಭಾವ ಅದನ್ನು ಬಿರುದೆಂದು ತೆಗೆದುಕೊಂಡ. ಆಮೇಲೆ ಅವನು ಕೈ ಹಾಕದ ವಸ್ತು ಆ ಮನೆಯಲ್ಲಿ ಉಳಿಯಲಿಲ್ಲ. ಅವಳ ಓವನ್ ಒಂದು ಉಳಿದಿತ್ತು, ಅದೂ ಅವಳು ಅಡ್ಡ ನಿಂತದ್ದರಿಂದ.

ಮಾರನೆಯ ದಿನವೇ ಕಾರು ಗ್ಯಾರೇಜಿಗೆ ಹೋಯಿತು. ಗ್ಯಾರೇಜಿನವನನ್ನು ಎಲ್ಲರೂ ಡಾಕ್ಟರ್ ಎನ್ನುತ್ತಿದ್ದರು. ಅವನ ಬಾಯಲ್ಲಿ ಇದ್ದದ್ದು ಒಂದೇ ಮಾತು, "ಆಗುತ್ತೆ ಸಾರ್." ಬೇರೆ ಬಂಡಿಯ ಸ್ಪ್ರಿಂಗು ಇದಕ್ಕೆ ಕೂರುತ್ತದೆಯೇ? ಆಗುತ್ತೆ ಸಾರ್. ಕೂರದಿದ್ದರೆ? ಅದಕ್ಕೂ ಆಗುತ್ತೆ ಸಾರ್. ಅಂಥ ಡಾಕ್ಟರು, ಇಂಥ ಎಂಜಿನಿಯರು. ನಡುವೆ ಸಿಕ್ಕಿದ ಆ ಬಡಪಾಯಿ ಕಾರು ತಾನಾಗಿ ಹೊರಡುವ ಹಾಗಿದ್ದರೆ ಅಂದೇ ಓಡಿಹೋಗುತ್ತಿತ್ತು.

ಹಿಂದಿನ ಎರಡು ಚಕ್ರಕ್ಕೆ ಸರಕು ಸಾಗಿಸುವ ವ್ಯಾನಿನ ಸ್ಪ್ರಿಂಗು ಬಂತು. ಅದರ ಪಕ್ಕಕ್ಕೆ ಯಾವುದೋ ಹಳೆಯ ಜೀಪಿನ ಶಾಕ್ ಅಬ್ಸಾರ್ಬರು. ಜೀಪಿನದು ಗಿಡ್ಡವಾಯಿತೆಂದು ಅದರ ತುದಿಗೊಂದು ತುಂಡು ಬೆಸುಗೆ. ಮುಂದಿನ ಚಕ್ರಗಳಿಗೆ ಗುಜರಿ ಸೇರಿದ್ದ ಟ್ಯಾಕ್ಸಿಯ ಸ್ಪ್ರಿಂಗಿನ ಮೇಲಿನ ರಬ್ಬರು, ಒಂದರ ಮೇಲೊಂದು. ಎಂಜಿನಿಯರು ಕೆಳಗೆ ಕೂತು ನೆಲದಿಂದ ಕಾರಿನ ಹೊಟ್ಟೆಯವರೆಗೆ ಟೇಪು ಹಿಡಿದ. ನೆಲ ಮುಟ್ಟದ ಹಾಗೆ ಪರದೆ ಹೊಲಿಸುವವನ ಅಳತೆ, ಕೂದಲೆಳೆ ತಪ್ಪುವುದಿಲ್ಲ. ಉಬ್ಬಿಗಿಂತ ಅಂಗೈ ಅಗಲ ಹೆಚ್ಚೇ ಬಂದಿತ್ತು. ಕಾರಿನಲ್ಲಿ ಯಾರೂ ಇರಲಿಲ್ಲ, ಏನೂ ಇರಲಿಲ್ಲ. ಅದು ಅವನ ತಲೆಗೆ ಹೊಳೆಯಲೂ ಇಲ್ಲ. ಕಿಟಕಿ ಅಳೆಯುವಾಗ ಅದರ ಮೇಲೆ ಸಂಸಾರ ಸಮೇತ ಯಾರೂ ಕೂತಿರುವುದಿಲ್ಲವಲ್ಲ.

ಮನೆಗೆ ಬಂದ ಕಾರನ್ನು ನೋಡಿ ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹಿಂಭಾಗ ಆಕಾಶ ನೋಡುತ್ತಿತ್ತು. ಎದುರುಮನೆ ಅಜ್ಜಿ ಕಟ್ಟೆಯ ಮೇಲಿಂದಲೇ ವಿಚಾರಿಸಿದಳು.

"ಏನಪ್ಪಾ ಎಂಜಿನಿಯರ್ರೇ, ಕಾರು ಏನೋ ಬೀಳಿಸ್ಕೊಂಡು ಬಗ್ಗಿ ಹುಡುಕ್ತಾ ಇರೋ ಹಾಗಿದೆ?"

"ಸ್ಪೋರ್ಟಿ ಲುಕ್ ಅಜ್ಜಿ," ಎಂದ ಅವನು ಎದೆ ಉಬ್ಬಿಸಿ. ಖಾಲಿ ಕಾರಿನಲ್ಲಿ ಉಬ್ಬಿನ ಮೇಲೆ ಹೋಗಿ ಬಂದು, ಹೋಗಿ ಬಂದು ತೋರಿಸಿದ. ಗರ್ರೆಂಬ ಸದ್ದು ಇಲ್ಲವೇ ಇಲ್ಲ.

ಸದ್ದೇನೋ ಹೋಯಿತು, ಬೆನ್ನು ಹೋಗುವುದು ಬಾಕಿ ಇತ್ತು. ಮೂಟೆ ಹೊರಲು ಹುಟ್ಟಿದ ವ್ಯಾನಿನ ಸ್ಪ್ರಿಂಗಿಗೆ ಗಂಡ ಹೆಂಡತಿಯ ಭಾರ ಯಾವ ಲೆಕ್ಕ? ಅದು ಜಗ್ಗಲೇ ಇಲ್ಲ. ರಸ್ತೆಯ ಒಂದೊಂದು ಕಲ್ಲೂ ಅವಳ ಬೆನ್ನುಮೂಳೆಯನ್ನು ಮಾತಾಡಿಸಿಕೊಂಡೇ ಹೋಗುತ್ತಿತ್ತು. ಪರೀಕ್ಷೆಗೆಂದು ಹಿಂದೆ ಇಟ್ಟಿದ್ದ ಸಣ್ಣ ಕೇಕು ಅಂಗಡಿ ಬೀದಿ ತಲುಪುವಷ್ಟರಲ್ಲಿ ಡಬ್ಬದ ಮುಚ್ಚಳಕ್ಕೆ ಅಂಟಿಕೊಂಡಿತ್ತು. ಅವಳು ಮುಚ್ಚಳವನ್ನು ಅವನ ಮೂಗಿನ ಮುಂದೆ ಹಿಡಿದಳು. ಅವನು ಡಾಕ್ಟರಿಗೆ ಫೋನ್ ಮಾಡಿದ.

"ಲೋಡ್ ಸಾಲದು ಸಾರ್. ಹಿಂದೆ ಸ್ವಲ್ಪ ಭಾರ ಹಾಕಿ. ಮೆತ್ತಗೆ ಆಗುತ್ತೆ ಸಾರ್."

ಡಿಕ್ಕಿಯೊಳಗೆ ಮರಳಿನ ಮೂಟೆಗಳು ಬಂದು ಕೂತವು. ಕಾರು ನಿಜಕ್ಕೂ ಮೆತ್ತಗಾಯಿತು. ಹಿಂಭಾಗ ನಿಧಾನವಾಗಿ ಇಳಿದು ಇಳಿದು, ಮೊದಲು ಎಲ್ಲಿತ್ತೋ ಅಲ್ಲಿಗೇ ಬಂದು ನಿಂತಿತು.

"ರೀ, ಈಗ ಮೊದಲಿನಷ್ಟೇ ಆಯ್ತಲ್ಲ? ಹಂಪು?" ಎಂದಳು.

"ಅಳೆದಿದ್ದೀನಿ ಕಣೆ. ಅಂಗೈ ಅಗಲ ಜಾಸ್ತಿನೇ ಇದೆ. ನಿನಗೆ ಇದೆಲ್ಲ ಗೊತ್ತಾಗಲ್ಲ."

ಮತ್ತೊಮ್ಮೆ ಅಳೆಯಿರಿ ಎನ್ನಬೇಕಿತ್ತು. ಅನ್ನಲಿಲ್ಲ. ಮೂರು ಅಂತಸ್ತಿನ ಕೆಲಸ ತಲೆಯ ಮೇಲೆ ಕೂತಿತ್ತು, ಸಕ್ಕರೆಯ ಗುಲಾಬಿಯ ಒಂದೊಂದು ಎಸಳನ್ನೂ ಉಸಿರು ಬಿಗಿಹಿಡಿದು ತಿದ್ದಿ ಒಣಗಿಸುತ್ತಿದ್ದಳು. ಈ ಮನುಷ್ಯನ ಹತ್ತಿರ ವಾದ ಮಾಡಿ ಕೈ ನಡುಗಿಸಿಕೊಳ್ಳುವುದು ಬೇಡವೆನಿಸಿತು.

ಉದ್ಘಾಟನೆಯ ದಿನ ಬೆಳಿಗ್ಗೆ ಕೇಕನ್ನು ಗಂಡ ಹೆಂಡತಿ ಇಬ್ಬರೂ ಹಲಗೆಯ ಸಮೇತ ಹೊತ್ತು ತಂದರು. ಹಿಂದಿನ ಸೀಟನ್ನು ಮಡಚಿ ಅದರ ಮೇಲೆ ಇಟ್ಟರು. ಅವಳು ಪಕ್ಕದಲ್ಲಿ ಮುದುಡಿ ಕೂತು ಎರಡು ಕೈಯಲ್ಲೂ ಹಲಗೆ ಹಿಡಿದಳು. ಬಿಳಿ ಕೆನೆ, ಮೇಲಿಂದ ಕೆಳಗೆ ಇಳಿದು ಬಂದ ಕೆಂಪು ಗುಲಾಬಿಗಳು. ತಾನೇ ಮಾಡಿದ್ದನ್ನು ತಾನೇ ನೋಡಿ ಅವಳಿಗೆ ಕಣ್ಣು ತುಂಬಿ ಬಂತು. ಇಷ್ಟು ಚೆಂದದ್ದನ್ನು ಅವಳು ಇದುವರೆಗೆ ಮಾಡಿರಲಿಲ್ಲ.

ಕಾರು ಗೇಟು ದಾಟಿತು. ಮುಂದಿನ ಚಕ್ರ ಉಬ್ಬನ್ನು ಹತ್ತಿ ಇಳಿಯಿತು. ಆಮೇಲೆ ಅದೇ ಹಳೆಯ ಗರ್ರೆಂಬ ಸದ್ದು, ಈ ಸಲ ಇನ್ನೂ ಉದ್ದವಾಗಿ, ಕಾರು ಉಬ್ಬಿನ ಮೇಲೆ ಹೊಟ್ಟೆ ಊರಿ ಕೂತುಬಿಟ್ಟಿತು. ಮುಂದಿನ ಚಕ್ರಗಳು ನೆಲ ಸಿಗದೆ ಸುಮ್ಮನೆ ಗಿರಗಿರ ತಿರುಗಿದವು.

ಕೇಕು ಅಲ್ಲಾಡಿರಲಿಲ್ಲ. ಅವಳ ಜೀವ ಬಾಯಿಗೆ ಬಂದು ವಾಪಸು ಹೋಯಿತು.

"ಏನೂ ಆಗಿಲ್ಲ, ಏನೂ ಆಗಿಲ್ಲ," ಎನ್ನುತ್ತ ಅವನು ಇಳಿದು ಹಿಂದಕ್ಕೆ ಓಡಿದ. "ಮರಳು ತೆಗೆದ್ರೆ ತಾನಾಗೇ ಮೇಲೇಳುತ್ತೆ."

"ತಡೀರಿ! ಮೊದಲು ಕೇಕು ಇಳಿಸೋಣ!"

"ಒಂದು ನಿಮಿಷದ ಕೆಲಸ ಕಣೆ," ಎಂದು ಮೂಟೆಗಳನ್ನು ಒಂದೊಂದಾಗಿ ಎಳೆದು ರಸ್ತೆಗೆ ಹಾಕತೊಡಗಿದ. ಬೆಸುಗೆ ಹಾಕಿದ ಜೀಪಿನ ಶಾಕ್ ಅಬ್ಸಾರ್ಬರು ಎಲ್ಲೋ ಸಿಕ್ಕಿಕೊಂಡಿತ್ತು. ಮೂಟೆ ಇಳಿದರೂ ಕಾರು ಏಳಲಿಲ್ಲ. ಕೊನೆಯ ಮೂಟೆ ಇಳಿದಾಗ ಅದು ಟಣ್ಣೆಂದು ಕಳಚಿತು. ಅದುವರೆಗೆ ಅದುಮಿಕೊಂಡಿದ್ದ ವ್ಯಾನಿನ ಸ್ಪ್ರಿಂಗು ಕಾರಿನ ಹಿಂಭಾಗವನ್ನು ಒಂದೇ ಏಟಿಗೆ ಮೇಲಕ್ಕೆ ಎಸೆಯಿತು. ಮೇಲಿನ ಅಂತಸ್ತು ಚಾವಣಿಗೆ ಬಡಿದು ಅವಳ ಮಡಿಲಿಗೆ ಬಿತ್ತು. ನಡುವಿನದು ಕೆಳಗಿನದರೊಳಗೆ ಇಳಿಯಿತು.

ಅವಳು ಹಲಗೆ ಹಿಡಿದ ಕೈ ಬಿಟ್ಟಳು. ಆಮೇಲೆ ಕೆನೆ ಮೆತ್ತಿದ ಬೆರಳಿನಿಂದಲೇ ಮ್ಯಾನೇಜರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನು ಬೈಯಲಿಲ್ಲ. "ಅಯ್ಯೋ ಪಾಪ, ಮುಂದೆ ನೋಡೋಣ ಬಿಡಿ ಮೇಡಂ," ಎಂದ. ಮುಂದೆ ನೋಡುವುದು ಏನೂ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ನಾಳೆ ಮತ್ತೆ ಆ ಹಿಂಬಾಗಿಲು.

ಗಂಡ ಕಿಟಕಿಯಲ್ಲಿ ತಲೆ ತೂರಿಸಿ ಒಳಗಿನದನ್ನು ನೋಡಿದ. ಗಲ್ಲ ಕೆರೆದುಕೊಂಡ. ಜೇಬಿನಿಂದ ಟೇಪು ತೆಗೆದು ಸೀಟಿನಿಂದ ಚಾವಣಿಗೆ ಹಿಡಿದ.

"ನೋಡು, ಎಡವಟ್ಟಾಗಿದ್ದು ಇಲ್ಲಿ. ಕೇಕು ಎತ್ತರ ಜಾಸ್ತಿಯಾಯ್ತು. ಮುಂದಿನ ಸಲ ನಿನ್ನ ಕೇಕನ್ನ ಸ್ವಲ್ಪ ತಗ್ಗಿಸಿದ್ರೆ..."

ಅವಳು ಇಳಿದು, ಮಡಿಲಲ್ಲಿದ್ದದ್ದನ್ನು ಗೇಟಿನ ಕಂಬದ ಮೇಲಿಟ್ಟು, ಒಳಗೆ ಹೋಗಿ ಹಾರೆ ತಂದಳು. "ಕಾರು ಹಿಂದಕ್ಕೆ ತೆಗೀರಿ," ಎಂದಳು. ಆ ದನಿಗೆ ಅವನು ಟೇಪು ಸುತ್ತುವುದನ್ನೂ ಮರೆತು ಹತ್ತಿದ. ಈಗ ಖಾಲಿ ಕಾರು, ಸರಾಗವಾಗಿ ಉಬ್ಬು ದಾಟಿ ಹಿಂದಕ್ಕೆ ಹೋಯಿತು.

"ಬೇಡ ಕಣೆ, ಕೈ ಮುರ್ಕೋತೀಯ. ಐವತ್ತು ವರ್ಷ ಅಲ್ಲಾಡದ..."

ಮೊದಲ ಏಟಿಗೇ ಉಬ್ಬು ಬಿರಿಯಿತು. ಎರಡನೆಯದಕ್ಕೆ ಅಂಗೈಯಷ್ಟು ದೊಡ್ಡ ಚೂರು ಎದ್ದು ಬಂತು. ಮರಳು ಹೆಚ್ಚಾಗಿ ಸಿಮೆಂಟು ಕಡಿಮೆಯಾಗಿ ಕಲಸಿದ್ದ ಅದರ ಒಳಗೆಲ್ಲ ಪುಡಿಪುಡಿ, ಹಾರೆ ಮುಟ್ಟಿದಲ್ಲೆಲ್ಲ ಉದುರಿತು. ಎದುರುಮನೆ ಅಜ್ಜಿ ಕಟ್ಟೆಯಿಂದ ಎದ್ದು ಬರುವಷ್ಟರಲ್ಲಿ ಬೀದಿ ಸಮವಾಗಿತ್ತು.

"ಇಷ್ಟೇನಾ?" ಎಂದಳು ಕೇಕಕ್ಕ. ಕೇಕು ಬಿದ್ದಾಗ ಬಾರದ ಅಳು ಈಗ ಬಂತು. ಹಾರೆ ಕೆಳಗೆ ಬಿಟ್ಟು ಮೆಟ್ಟಿಲ ಮೇಲೆ ಕೂತು ಗೋಳೋ ಎಂದು ಅತ್ತಳು. "ಇಷ್ಟೇನೇನ್ರೀ ಇದ್ದಿದ್ದು?"

ಎಂಜಿನಿಯರು ಪುಡಿಯ ಪಕ್ಕದಲ್ಲಿ ನಿಂತಿದ್ದ. ಒಂದು ಚೂರನ್ನು ಎತ್ತಿ ಬೆರಳಲ್ಲಿ ಒತ್ತಿದ, ಅದೂ ಉದುರಿತು. ಕೊನೆಗೆ, "ಸ್ಪ್ರಿಂಗು ಹಳೇದು ಡಾಕ್ಟರ್ ಹತ್ರನೇ ಇದೆ. ಮತ್ತೆ ಹಾಕಿಸ್ಲಾ?" ಎಂದ. ಇಷ್ಟು ವರ್ಷದಲ್ಲಿ ಅವನು ಅವಳನ್ನು ಕೇಳಿ ಮಾಡಲು ಹೊರಟ ಮೊದಲ ಕೆಲಸ ಅದು.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಕೆನೆ ಇನ್ನಷ್ಟು ಮೆತ್ತಿಕೊಂಡಿತು. ಕೈ ಮುಂದಕ್ಕೆ ಚಾಚಿದಳು.

"ಕೀ ಇಲ್ಲಿ ಕೊಡಿ. ಕಾರನ್ನ ನಾನು ನೋಡ್ಕೋತೀನಿ. ನೀವು ಇದನ್ನ ಬಾಚಿ."

ಅವನು ಕೀ ಕೊಟ್ಟ. ಅವಳು ಇನ್ನೂ ಕೈ ಚಾಚಿಕೊಂಡೇ ಇದ್ದಳು. ಅವನು ಟೇಪನ್ನೂ ತೆಗೆದು ಆ ಕೈಯಲ್ಲಿಟ್ಟು, ಪೊರಕೆ ತರಲು ಒಳಗೆ ಹೋದ.